ರೇಮಂಡ್ ಎಡ್ಡೆ: ಬ್ಯಾಂಕ್ ಗುಟ್ಟಿನ ಕಾನೂನು ತಂದವರು, ಅಧ್ಯಕ್ಷ ಆಗದೇ ಉಳಿದವರು

ಪ್ರಶ್ನೆ: ಲೆಬನಾನ್‌ನಲ್ಲಿ ಬ್ಯಾಂಕುಗಳು ಮುಳುಗಿ ಜನರ ದುಡ್ಡು ಸಿಕ್ಕಿಹಾಕಿಕೊಂಡ ಸುದ್ದಿ ಓದುತ್ತಿದ್ದಾಗ ರೇಮಂಡ್ ಎಡ್ಡೆ ಅನ್ನುವ ಹಳೆಯ ಎಂಪಿಯೊಬ್ಬರ ಹೆಸರು ಬಂತು. ಒಬ್ಬರು ಅವರನ್ನು ‘ಲೆಬನಾನಿನ ಆತ್ಮಸಾಕ್ಷಿ’ ಅಂತಾರೆ. ಇನ್ನೊಬ್ಬರು ಕಪ್ಪುಹಣಕ್ಕೆ ಬಾಗಿಲು ತೆರೆದವರು ಅಂತಾರೆ. ಯಾವುದು ನಿಜ? ಅಷ್ಟು ದೊಡ್ಡ ಮನುಷ್ಯ ಆಗಿದ್ದರೆ ಅಧ್ಯಕ್ಷ ಯಾಕೆ ಆಗಲಿಲ್ಲ? ಕೊನೆಗೆ ಪ್ಯಾರಿಸ್‌ನಲ್ಲಿ ಯಾಕೆ ಕೂತರು?

ಉತ್ತರ: ಎರಡೂ ನಿಜ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕೋದು ಸರಿಯಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಡ್ಡೆ ಯಾವುದನ್ನು ಬೇಡ ಬೇಡ ಅಂತ ಬಾಯಿ ಬಡಿದುಕೊಂಡರೋ ಅದರಲ್ಲಿ ಹೆಚ್ಚಿನದು ನಡೆದುಹೋಯಿತು, ದೇಶ ಅದಕ್ಕೆ ಬೆಲೆ ಕೊಟ್ಟಿತು. ಬೇಕು ಅಂತ ಹಟ ಹಿಡಿದು ತಂದ ಕಾನೂನು ಮಾತ್ರ ಗಟ್ಟಿಯಾಗಿ ನಿಂತಿತು, ಆಮೇಲೆ ಅವರು ಅಂದುಕೊಂಡಿರದ ಜನರ ಕೈಗೆ ಸಿಕ್ಕಿತು. ಪಾರ್ಲಿಮೆಂಟಿನಲ್ಲಿ ಚೆನ್ನಾಗಿ ವಾದ ಮಾಡುವವರು ಅವರು. ಓಟು ಕೂಡಿಸೋದು ಮಾತ್ರ ಅವರಿಗೆ ಒಗ್ಗಲಿಲ್ಲ. ಉಳಿದದ್ದೆಲ್ಲ ಇದರ ವಿವರ.

ಮನೆಯಿಂದ ಶುರು ಮಾಡೋಣ. ರೇಮಂಡ್ ಹುಟ್ಟಿದ್ದು 1913ರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಮನೆತನ ಮ್ಯಾರೊನೈಟ್ ಕ್ರೈಸ್ತರದ್ದು. ಅಪ್ಪ ಎಮಿಲ್ ಎಡ್ಡೆ ದೊಡ್ಡ ವಕೀಲರು, ಫ್ರೆಂಚರ ಆಳ್ವಿಕೆಯ ಕಾಲದಲ್ಲಿ 1936ರಿಂದ 1941ರ ತನಕ ಲೆಬನಾನ್‌ನ ಅಧ್ಯಕ್ಷರು. ಮಗನೂ ಬೈರುತ್‌ನ ಸೇಂಟ್ ಜೋಸೆಫ್ ಯೂನಿವರ್ಸಿಟಿಯಲ್ಲಿ ಕಾನೂನು ಓದಿ ವಕೀಲರಾದರು. ಇಷ್ಟು ಕೇಳಿದರೆ ರಾಜಕಾರಣ ಹೂವಿನ ಹಾಸಿಗೆ ಆಗಿರಬೇಕು ಅನಿಸುತ್ತದೆ, ಅಲ್ವಾ? ಹಾಗಿರಲಿಲ್ಲ.

1943ರ ನವೆಂಬರಿನಲ್ಲಿ ಒಂದು ಎಡವಟ್ಟಾಯಿತು. ಆಗ ಅಧ್ಯಕ್ಷರಾಗಿದ್ದವರು ಬಿಶಾರ ಅಲ್ ಖೂರಿ. ಅವರ ಸರ್ಕಾರ ಸಂವಿಧಾನದಿಂದ ಫ್ರೆಂಚರ ಹಿಡಿತವನ್ನೇ ಕಿತ್ತುಹಾಕಿತು. ಫ್ರೆಂಚರು ಸಿಟ್ಟಿಗೆದ್ದು ಅಧ್ಯಕ್ಷ, ಪ್ರಧಾನಿ, ಮಂತ್ರಿಗಳನ್ನೆಲ್ಲ ಹಿಡಿದು ರಶಾಯಾ ಕೋಟೆಗೆ ಹಾಕಿದರು. ಖಾಲಿಯಾದ ಕುರ್ಚಿಯಲ್ಲಿ ಕೂರಲು ಒಪ್ಪಿಕೊಂಡವರು ಎಮಿಲ್ ಎಡ್ಡೆ. ಜನ ಬೀದಿಗೆ ಇಳಿದರು, ಬ್ರಿಟಿಷರು ಒತ್ತಡ ಹಾಕಿದರು, ಹನ್ನೊಂದು ದಿನಕ್ಕೆ ಬಂಧಿತರೆಲ್ಲ ಹೊರಗೆ ಬಂದರು. ಆ ನವೆಂಬರ್ 22 ಇವತ್ತಿಗೂ ಲೆಬನಾನ್‌ನ ಸ್ವಾತಂತ್ರ್ಯ ದಿನ. ಎಮಿಲ್ ಎಡ್ಡೆಯನ್ನು ಮರುವರ್ಷ ಪಾರ್ಲಿಮೆಂಟಿನಿಂದಲೇ ಹೊರಗೆ ಹಾಕಿದರು. 1949ರಲ್ಲಿ ಅವರು ತೀರಿಕೊಂಡಾಗ ಮಗನ ಕೈಗೆ ಬಂದದ್ದು ‘ನ್ಯಾಷನಲ್ ಬ್ಲಾಕ್’ ಅನ್ನುವ ಪಕ್ಷ, ಅದರ ಜೊತೆಗೆ ಫ್ರೆಂಚರ ಬಂಟನ ಮಗ ಅನ್ನುವ ಹಣೆಪಟ್ಟಿ. ಮುಂದೆ ಯಾವ ಹೊರದೇಶದ ಸೈನ್ಯ ಬಂದರೂ ರೇಮಂಡ್ ಅಷ್ಟು ಉಗ್ರವಾಗಿ ಉರಿದುಬೀಳುತ್ತಿದ್ದದ್ದಕ್ಕೆ ಈ ಹಣೆಪಟ್ಟಿಯೂ ಕಾರಣ ಇರಬೇಕು ಅಂತ ನನಗೆ ಅನಿಸುತ್ತದೆ. ಪುರಾವೆ ಇಲ್ಲ, ಸುಮ್ನೆ ಊಹೆ.

ಪಕ್ಷದಲ್ಲಿ ಅವರನ್ನು ‘ಅಮೀದ್’ ಅಂತ ಕರೆಯುತ್ತಿದ್ದರು, ಮುಖ್ಯಸ್ಥ ಅಂತ. ಕೊನೆ ತನಕ ಅದೇ ಹೆಸರು ಉಳಿಯಿತು. ಮದುವೆ ಆಗಲಿಲ್ಲ. 1953ರಲ್ಲಿ ಜ್ಬೈಲ್ ಕ್ಷೇತ್ರದಿಂದ ಎಂಪಿ ಆದರು. ಜ್ಬೈಲ್ ಅಂದರೆ ಹಳೆಯ ಬಿಬ್ಲೋಸ್. ಬೈರುತ್‌ನಿಂದ ಉತ್ತರಕ್ಕೆ ಸಮುದ್ರದ ದಂಡೆಯಲ್ಲೇ ಇರುವ ಪುರಾತನ ಬಂದರು ಊರು.

ಇಲ್ಲಿ ಅಲ್ಲಿನ ಪಾರ್ಲಿಮೆಂಟಿನ ಲೆಕ್ಕ ಸ್ವಲ್ಪ ಗೊತ್ತಿರಬೇಕು, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ಲೆಬನಾನ್‌ನಲ್ಲಿ ಸೀಟುಗಳನ್ನು ಪಂಗಡಕ್ಕಿಷ್ಟು ಅಂತ ಹಂಚಿರುತ್ತಾರೆ. ಆಗ ಆರು ಕ್ರೈಸ್ತರಿಗೆ ಐದು ಮುಸ್ಲಿಮರು ಅನ್ನುವ ಲೆಕ್ಕ. 1960ರಲ್ಲಿ ಒಟ್ಟು ಸೀಟು 99 ಆಯಿತು. ಅಧ್ಯಕ್ಷ ಮ್ಯಾರೊನೈಟ್, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ. ಇದು 1943ರಲ್ಲಿ ಬಾಯಿಮಾತಿನಲ್ಲೇ ಆದ ಒಪ್ಪಂದ. ಅಧ್ಯಕ್ಷನನ್ನು ಜನ ಆರಿಸುವುದಿಲ್ಲ, ಎಂಪಿಗಳು ಆರಿಸುತ್ತಾರೆ. ಅಂದರೆ ಅಧ್ಯಕ್ಷ ಆಗಬೇಕಾದರೆ ಊರಿನ ಜನ ಮೆಚ್ಚಿದರೆ ಸಾಲದು. ಸಭೆಯೊಳಗಿನ ದೊಡ್ಡ ಮನೆತನಗಳು ಒಪ್ಪಬೇಕು, ಹೊರಗಿನ ಒಂದೆರಡು ದೇಶಗಳು ಹೂಂ ಅನ್ನಬೇಕು.

ಈಗ ನೀವು ಕೇಳಿದ ಬ್ಯಾಂಕ್ ಕಾನೂನು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕಂದರೆ ಇದರ ಬಗ್ಗೆ ಮಾತಾಡುವವರು ಜಾಸ್ತಿ, ಓದಿದವರು ಕಡಿಮೆ.

1956ರ ಸೆಪ್ಟೆಂಬರ್ 3ರಂದು ಜಾರಿಗೆ ಬಂದ ಚಿಕ್ಕ ಕಾನೂನು ಅದು, ಕೆಲವೇ ಕಲಮುಗಳು. ಮಾದರಿ ಸ್ವಿಟ್ಜರ್ಲೆಂಡ್‌ನದು. ಬ್ಯಾಂಕಿನ ಮ್ಯಾನೇಜರ್, ಗುಮಾಸ್ತ, ಕೆಲಸದ ನಿಮಿತ್ತ ಲೆಕ್ಕದ ಪುಸ್ತಕ ನೋಡುವ ಯಾರೇ ಆಗಲಿ, ಗಿರಾಕಿಯ ಹೆಸರಾಗಲಿ ದುಡ್ಡಾಗಲಿ ಯಾರಿಗೂ ಬಾಯಿಬಿಡುವ ಹಾಗಿಲ್ಲ. ಯಾರಿಗೂ ಅಂದರೆ ಯಾರಿಗೂ. ಸರ್ಕಾರಿ ಆಫೀಸು, ಮಿಲಿಟರಿ, ಕೋರ್ಟು, ಯಾರು ಕೇಳಿದರೂ ಇಲ್ಲ. ಗಿರಾಕಿ ಬೇಕಂದರೆ ಬರೀ ನಂಬರಿನ ಅಕೌಂಟ್ ತೆರೆಯಬಹುದು, ಆ ನಂಬರಿನ ಹಿಂದೆ ಯಾರಿದ್ದಾರೆ ಅನ್ನೋದು ಬ್ಯಾಂಕಿನ ಮ್ಯಾನೇಜರಿಗೋ ಅವರ ಬದಲಿಗೆ ಇರುವವರಿಗೋ ಮಾತ್ರ ಗೊತ್ತು. ಖಾತೆದಾರ ಬರೆದುಕೊಡದೇ ಠೇವಣಿಯನ್ನು ಜಪ್ತಿ ಮಾಡುವ ಹಾಗಿಲ್ಲ. ಬೇಕಂತಲೇ ಗುಟ್ಟು ಬಿಟ್ಟುಕೊಟ್ಟವರಿಗೆ ಮೂರು ತಿಂಗಳಿಂದ ಒಂದು ವರ್ಷ ಜೈಲು.

ವಿನಾಯಿತಿಗಳೂ ಇದ್ದವು. ಗಿರಾಕಿಯೇ ಬರೆದು ಅನುಮತಿ ಕೊಟ್ಟರೆ, ಅವನು ದಿವಾಳಿಯಾದರೆ, ಬ್ಯಾಂಕಿಗೂ ಅವನಿಗೂ ಕೇಸು ಬಿದ್ದರೆ ಗುಟ್ಟು ತೆರೆಯಬಹುದು. ಇನ್ನೊಂದು ಇದೆ, ಅದನ್ನು ಯಾರೂ ಹೇಳೋದೇ ಇಲ್ಲ: ಅಧಿಕಾರದಲ್ಲಿದ್ದವರು ಅಕ್ರಮವಾಗಿ ಆಸ್ತಿ ಮಾಡಿದ ಕೇಸಿದ್ದರೆ ನ್ಯಾಯಾಲಯಕ್ಕೆ ಈ ಗುಟ್ಟು ಅಡ್ಡ ಬರಬಾರದು ಅಂತ ಆ ಕಾನೂನಿನಲ್ಲೇ ಬರೆದಿತ್ತು. ಭ್ರಷ್ಟ ಮಂತ್ರಿಯನ್ನು ಹಿಡಿಯಲು ಬಾಗಿಲು ಇತ್ತು ಅಂತ ಅರ್ಥ. ಆ ಬಾಗಿಲನ್ನು ತಟ್ಟಬೇಕಾದವರು ತಟ್ಟಲಿಲ್ಲ.

ಯಾಕೆ ಆ ಹೊತ್ತಿಗೇ ತಂದರು? ಕಾಲ ನೋಡಿ. ಪಕ್ಕದ ಸಿರಿಯಾದಲ್ಲಿ ಸಾಲುಸಾಲು ಕ್ಷಿಪ್ರಕ್ರಾಂತಿ ಆಗಿತ್ತು. ಈಜಿಪ್ಟಿನಲ್ಲಿ ನಾಸರ್ ಬಂದಿದ್ದರು. ಆ ಜುಲೈನಲ್ಲಷ್ಟೇ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದ್ದರು. ಅರಬ್ ದೇಶಗಳ ವ್ಯಾಪಾರಿಗಳಿಗೆ ತಮ್ಮ ದುಡ್ಡು ಎಲ್ಲಿಡಬೇಕು ಅನ್ನುವ ಹೆದರಿಕೆ ಹತ್ತಿತ್ತು. ಇನ್ನೊಂದು ಕಡೆ ಕೊಲ್ಲಿಯಲ್ಲಿ ಎಣ್ಣೆಯ ದುಡ್ಡು ಹರಿದು ಬರಲು ಶುರುವಾಗಿತ್ತು. ಈ ಎರಡೂ ದುಡ್ಡಿಗೆ ಹತ್ತಿರದಲ್ಲೇ, ಅರಬ್ಬಿ ಮಾತಾಡುವ, ಡಾಲರಿಗೆ ತಡೆ ಇಲ್ಲದ ಒಂದು ಊರು ಬೇಕಿತ್ತು. ಬೈರುತ್ ಸಿಕ್ಕಿತು. ಎಣ್ಣೆ ಇಲ್ಲದ, ದೊಡ್ಡ ಕಾರ್ಖಾನೆ ಇಲ್ಲದ ಪುಟ್ಟ ದೇಶ ಬದುಕೋದು ಹೇಗೆ ಅನ್ನುವ ಪ್ರಶ್ನೆಗೆ ಎಡ್ಡೆ ಕೊಟ್ಟ ಉತ್ತರ ಇದು. ಕೆಲಸವೂ ಮಾಡಿತು. ಮುಂದಿನ ವರ್ಷಗಳಲ್ಲಿ ಬೈರುತ್ ಆ ಭಾಗಕ್ಕೆಲ್ಲ ಬ್ಯಾಂಕಿನ ಊರಾಯಿತು. ಇಬ್ಬರು ಸೇರಿ ಇಡುವ ಜಾಯಿಂಟ್ ಅಕೌಂಟಿಗೂ 1961ರಲ್ಲಿ ಅವರೇ ಕಾನೂನು ತಂದರು.

ಇದರಲ್ಲಿ ಸ್ವಾರ್ಥ ಇರಲಿಲ್ವಾ ಅಂತ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಅವರ ತಮ್ಮ ಪಿಯೆರ್ ಎಡ್ಡೆ ಬ್ಯಾಂಕಿಂಗ್ ವಲಯದವರು, ಹಣಕಾಸು ಮಂತ್ರಿಯೂ ಆಗಿದ್ದವರು. ರೇಮಂಡ್ ಓಡಾಡಿದ ವರ್ಗವೇ ಬೈರುತ್‌ನ ವ್ಯಾಪಾರಿ, ವಕೀಲ, ಬ್ಯಾಂಕರುಗಳ ವರ್ಗ. ಆ ವರ್ಗಕ್ಕೆ ಏನು ಒಳ್ಳೆಯದೋ ಅದೇ ದೇಶಕ್ಕೂ ಒಳ್ಳೆಯದು ಅಂತ ಅವರು ಮನಸಾರೆ ನಂಬಿದ್ದರು. ಲಂಚ ತಿಂದರು ಅಂತ ಅವರ ವಿರೋಧಿಗಳೂ ಹೇಳಲಿಲ್ಲ. ಆದರೆ ದಕ್ಷಿಣದ ಹೊಗೆಸೊಪ್ಪಿನ ಹೊಲದಲ್ಲಿ ದುಡಿಯುವವನಿಗೆ ಈ ಬ್ಯಾಂಕಿನ ಸಂಪತ್ತು ಎಷ್ಟು ಮುಟ್ಟಿತು ಅಂದರೆ, ಹೆಚ್ಚೇನೂ ಇಲ್ಲ. 1966ರ ಅಕ್ಟೋಬರಿನಲ್ಲಿ ಇಂಟ್ರಾ ಬ್ಯಾಂಕ್ ಬಾಗಿಲು ಹಾಕಿದಾಗಲೇ ಈ ಮಾದರಿ ಎಷ್ಟು ಟೊಳ್ಳು ಅಂತ ಎಲ್ಲರಿಗೂ ಕಂಡಿತ್ತು. ಅದು ಆಗ ದೇಶದ ಅತಿ ದೊಡ್ಡ ಬ್ಯಾಂಕು.

ಹಾಗಾದರೆ 2019ರ ಮುಳುಗಡೆಗೆ ಎಡ್ಡೆ ಕಾರಣವಾ? ನೇರವಾಗಿ ಅಲ್ಲ. 1997ರಿಂದ ಒಂದು ಡಾಲರಿಗೆ 1507.5 ಲೆಬನಾನಿ ಪೌಂಡ್ ಅಂತ ಬೆಲೆ ಕಟ್ಟಿಹಾಕಿದ್ದರು. ಆ ಬೆಲೆ ಉಳಿಸಿಕೊಳ್ಳಲು ಡಾಲರ್ ಬರುತ್ತಲೇ ಇರಬೇಕು. ಅದಕ್ಕೆ ಬ್ಯಾಂಕುಗಳು ದೊಡ್ಡ ಬಡ್ಡಿ ಆಸೆ ತೋರಿಸಿ, ಹೊರದೇಶದಲ್ಲಿ ದುಡಿಯುವ ಲೆಬನಾನಿಗಳಿಂದ ಠೇವಣಿ ತರಿಸಿದವು. ಆ ಠೇವಣಿ ಕೇಂದ್ರ ಬ್ಯಾಂಕಿಗೆ ಹೋಯಿತು, ಅಲ್ಲಿಂದ ಸರ್ಕಾರದ ಖರ್ಚಿಗೆ, ಪೌಂಡಿನ ಬೆಲೆ ಕಾಯುವುದಕ್ಕೆ ಹೋಯಿತು. ಹಳೆಯ ಠೇವಣಿದಾರರಿಗೆ ಕೊಡಲು ಹೊಸ ಠೇವಣಿ ಬೇಕಾಯಿತು. ಡಾಲರ್ ಬರೋದು ನಿಂತ ದಿನ ಎಲ್ಲ ನಿಂತಿತು. 2019ರ ಅಕ್ಟೋಬರ್ 17ರಂದು ಜನ ಬೀದಿಗೆ ಬಂದರು, ಬ್ಯಾಂಕುಗಳು ಎರಡು ವಾರ ಮುಚ್ಚಿದವು. ತೆರೆದ ಮೇಲೆ, ಯಾವ ಕಾನೂನೂ ಇಲ್ಲದೇ, ಇಷ್ಟೇ ತೆಗೆಯಬಹುದು ಅಂತ ತಾವೇ ಮಿತಿ ಹಾಕಿದವು. 2020ರ ಮಾರ್ಚ್‌ನಲ್ಲಿ ಸರ್ಕಾರವೂ ಸಾಲ ಕಟ್ಟೋದಿಲ್ಲ ಅಂತ ಕೈಯೆತ್ತಿತು. ಪೌಂಡು ಆಮೇಲೆ ಡಾಲರಿಗೆ 89 ಸಾವಿರ ದಾಟಿತು. ಇದರಲ್ಲಿ ಯಾವುದನ್ನೂ 1956ರ ಕಾನೂನು ಮಾಡಿಸಲಿಲ್ಲ.

ಆದರೆ ಯಾರು ಎಷ್ಟು ತಿಂದರು, ಯಾರು ಕೊನೆ ಗಳಿಗೆಯಲ್ಲಿ ದುಡ್ಡು ಹೊರಗೆ ಸಾಗಿಸಿದರು ಅಂತ ಕೇಳಿದಾಗಲೆಲ್ಲ ‘ಬ್ಯಾಂಕಿನ ಗುಟ್ಟು’ ಅನ್ನುವ ಬೋರ್ಡು ಎದುರಿಗೆ ಬಂದು ನಿಲ್ಲುತ್ತಿತ್ತು. ಕೇಂದ್ರ ಬ್ಯಾಂಕಿನ ಲೆಕ್ಕ ಪರಿಶೀಲನೆಗೆ ಬಂದ ಕಂಪನಿಗೂ ಇದೇ ಉತ್ತರ ಸಿಕ್ಕಿತ್ತು. ಐಎಂಎಫ್ ಸಾಲ ಕೊಡಲು ಹಾಕಿದ ಷರತ್ತುಗಳಲ್ಲಿ ಈ ಕಾನೂನಿನ ತಿದ್ದುಪಡಿಯೂ ಒಂದು. 2022ರಲ್ಲಿ ಒಮ್ಮೆ ಅರೆಮನಸ್ಸಿನಿಂದ ತಿದ್ದಿದರು, 2025ರ ಏಪ್ರಿಲ್‌ನಲ್ಲಿ ಇನ್ನಷ್ಟು ಬಿಗಿಯಾಗಿ ತಿದ್ದಿದರು. ಹೊರಗಿನ ದುಡ್ಡನ್ನು ಕಾಯಲು ಮಾಡಿದ ಕಾನೂನನ್ನು ಒಳಗಿನ ದೊಡ್ಡವರು ತಮ್ಮನ್ನು ಕಾಯಲು ಬಳಸಿಕೊಂಡರು. ಇದು ಎಡ್ಡೆಗೆ ಮೊದಲೇ ಹೊಳೆಯಬೇಕಿತ್ತಾ? ವಕೀಲರಲ್ಲವೇ, ಹೊಳೆಯಬೇಕಿತ್ತು ಅಂತಲೇ ನಾನು ಹೇಳುತ್ತೇನೆ. ಆದರೆ ಅವರು ತೀರಿಕೊಂಡ ಮೇಲೂ ಎರಡು ದಶಕ ಅದನ್ನು ಹಾಗೇ ಬಿಟ್ಟವರ ತಪ್ಪು ಇನ್ನೂ ದೊಡ್ಡದು.

ಈಗ ಅಧ್ಯಕ್ಷ ಪದವಿ.

1958ರಲ್ಲಿ ಅಧ್ಯಕ್ಷ ಕಮೀಲ್ ಶಮೂನ್ ಅವಧಿ ಮುಗಿಯುತ್ತಾ ಬಂದಿತ್ತು. ಇನ್ನೊಂದು ಅವಧಿಗೆ ಕೂರಲು ಹವಣಿಸುತ್ತಿದ್ದಾರೆ ಅನ್ನುವ ಮಾತು ಹಬ್ಬಿತು, ಬೀದಿಯಲ್ಲಿ ಬಂದೂಕು ಹೊರಬಂತು. ಜುಲೈ 15ರಂದು ಅಮೆರಿಕದ ಮರೀನ್ ಸೈನಿಕರು ಬೈರುತ್ ದಡಕ್ಕೆ ಇಳಿದರು. ಎಲ್ಲರೂ ಸೇರಿ ಒಪ್ಪಿದ ಪರಿಹಾರ ಏನಂದರೆ ಸೇನಾ ಮುಖ್ಯಸ್ಥ ಫುವಾದ್ ಶಿಹಾಬ್ ಅವರನ್ನೇ ಅಧ್ಯಕ್ಷ ಮಾಡೋದು. ಅಮೆರಿಕಕ್ಕೂ ಸರಿ, ನಾಸರಿಗೂ ಸರಿ. ಗೆಲುವು ಮೊದಲೇ ಬರೆದಿಟ್ಟ ಹಾಗಿತ್ತು. ಆದರೂ ಎಡ್ಡೆ ಎದುರು ನಿಂತರು. ಸೋಲುತ್ತೇನೆ ಅಂತ ಗೊತ್ತಿದ್ದೇ ನಿಂತರು. ಸೇನಾಧಿಕಾರಿ ಅಧ್ಯಕ್ಷನಾಗೋದನ್ನು ಪಾರ್ಲಿಮೆಂಟ್ ಚಪ್ಪಾಳೆ ತಟ್ಟಿ ಒಪ್ಪಿಕೊಳ್ಳಬಾರದು, ಕನಿಷ್ಠ ಒಂದು ಸ್ಪರ್ಧೆಯಾದರೂ ಆಗಬೇಕು ಅನ್ನೋದು ಅವರ ನಿಲುವು. ಜುಲೈ 31ರಂದು ಓಟು ಎಣಿಸಿದರು. ಶಿಹಾಬ್ 48, ಎಡ್ಡೆ 7.

ಆ ಏಳು ಓಟು ನನಗೆ ಇಷ್ಟ. ಸುತ್ತಲಿನ ಅರಬ್ ದೇಶಗಳಲ್ಲಿ ಆಗ ಸೈನಿಕರು ಟ್ಯಾಂಕ್ ಹತ್ತಿ ಬಂದು ಅಧಿಕಾರ ಹಿಡಿಯುತ್ತಿದ್ದರು. ಇರಾಕ್‌ನಲ್ಲಿ ಎರಡು ವಾರದ ಹಿಂದಷ್ಟೇ ರಾಜನನ್ನು ಕೊಂದು ಸೈನ್ಯ ಗದ್ದುಗೆ ಏರಿತ್ತು. ಆ ಹೊತ್ತಿನಲ್ಲಿ ಒಬ್ಬ ಎಂಪಿ ಎದ್ದು ನಿಂತು ಜನರಲ್‌ಗೆ ಎದುರಾಗಿ ನಾಮಪತ್ರ ಹಾಕಿದ, ಸೋತು ಮನೆಗೆ ಹೋದ, ಅವನ ಕೂದಲೂ ಕೊಂಕಲಿಲ್ಲ. ಮಜಾ ಅಂದರೆ ಆಮೇಲೆ ಅದೇ ಶಿಹಾಬ್ ತಮ್ಮ ನಾಲ್ಕು ಜನರ ತುರ್ತು ಕ್ಯಾಬಿನೆಟ್ಟಿನಲ್ಲಿ ಎಡ್ಡೆಯನ್ನು ಗೃಹಮಂತ್ರಿ ಮಾಡಿಕೊಂಡರು! ರಶೀದ್ ಕರಾಮೆ ಪ್ರಧಾನಿ, ಜೊತೆಗೆ ಹುಸೇನ್ ಉವೇನಿ, ಇನ್ನೊಂದು ಕ್ರೈಸ್ತ ಪಕ್ಷದ ನಾಯಕ ಪಿಯೆರ್ ಜಮಾಯೆಲ್, ಎಡ್ಡೆ.

ಆ ಒಂದು ವರ್ಷದಲ್ಲಿ ಅವರು ತಂದ ಇನ್ನೊಂದು ಕಾನೂನು ಇದೆ. ಅವರನ್ನು ಆತ್ಮಸಾಕ್ಷಿ ಅಂತ ಹೊಗಳುವವರು ಇದನ್ನು ಬಿಟ್ಟುಬಿಡುತ್ತಾರೆ. ಬೇಕಂತಲೇ ಕೊಲೆ ಮಾಡಿದವನಿಗೆ ಗಲ್ಲೇ ಗತಿ, ನ್ಯಾಯಾಧೀಶರು ಕರುಣೆ ತೋರಿಸಿ ಕಡಿಮೆ ಮಾಡುವ ಹಾಗಿಲ್ಲ ಅನ್ನುವ 1959ರ ಕಾನೂನು. 1958ರ ಗಲಾಟೆ ಮುಗಿದಿದ್ದರೂ ಸೇಡಿನ ಕೊಲೆಗಳು ನಿಂತಿರಲಿಲ್ಲ, ಅದಕ್ಕೆ ಹೀಗೆ ಮಾಡಿದರು. ಕಾರಣ ಅರ್ಥವಾಗುತ್ತದೆ. ಕಾನೂನು ಒಳ್ಳೆಯದು ಅಂತ ನನಗೆ ಅನಿಸುವುದಿಲ್ಲ.

1959ರಲ್ಲೇ ರಾಜೀನಾಮೆ ಕೊಟ್ಟು ಹೊರಬಂದರು. ಮುಂದೆ ಹತ್ತು ವರ್ಷ ಅವರ ಜಗಳವೆಲ್ಲ ‘ಎರಡನೇ ಬ್ಯೂರೋ’ ಜೊತೆ, ಅಂದರೆ ಸೇನೆಯ ಗೂಢಚರ್ಯೆ ವಿಭಾಗದ ಜೊತೆ. ಚುನಾವಣೆಯಲ್ಲಿ ಯಾರು ನಿಲ್ಲಬೇಕು, ಯಾರು ಗೆಲ್ಲಬೇಕು ಅಂತ ಆ ಅಧಿಕಾರಿಗಳು ಕೈಯಾಡಿಸುತ್ತಿದ್ದರು. 1964ರಲ್ಲಿ ಎಡ್ಡೆ ಸೋತರು, ಅದರ ಹಿಂದೆ ಬ್ಯೂರೋ ಕೈವಾಡ ಇತ್ತು ಅಂತ ಅವರ ಕಡೆಯವರ ವಾದ. ಮರುವರ್ಷ ಉಪಚುನಾವಣೆಯಲ್ಲಿ ಗೆದ್ದು ವಾಪಸ್ ಬಂದರು. 1968ರ ಚುನಾವಣೆಗೆ ಹಳೆಯ ವೈರಿಗಳಾದ ಶಮೂನ್, ಜಮಾಯೆಲ್ ಜೊತೆ ಕೈಜೋಡಿಸಿ ‘ತ್ರಿಪಕ್ಷ ಕೂಟ’ ಕಟ್ಟಿದರು, ಕ್ರೈಸ್ತ ಪ್ರದೇಶಗಳಲ್ಲಿ ಗುಡಿಸಿ ಗೆದ್ದರು. 1970ರ ಅಧ್ಯಕ್ಷರ ಆಯ್ಕೆಯಲ್ಲಿ ಶಿಹಾಬ್ ಬಣದ ಅಭ್ಯರ್ಥಿ ಇಲಿಯಾಸ್ ಸರ್ಕೀಸ್ 49–50ರಲ್ಲಿ, ಒಂದೇ ಓಟಿನಿಂದ, ಸುಲೇಮಾನ್ ಫ್ರಂಜಿಯೆ ಎದುರು ಸೋತರು. ಬ್ಯೂರೋದ ಬೆನ್ನು ಮುರಿಯಿತು. ಎಡ್ಡೆ ಬಯಸಿದ್ದು ಆಯಿತು. ಆದರೆ ಅಂತರ್ಯುದ್ಧ ಹತ್ತಿರ ಬರುತ್ತಿದ್ದಾಗ ಸರ್ಕಾರಕ್ಕೆ ಕಣ್ಣು ಕಿವಿಯೇ ಇಲ್ಲದ ಹಾಗೆ ಆಯಿತು ಅಂತ ಹೇಳುವ ಇತಿಹಾಸಕಾರರೂ ಇದ್ದಾರೆ, ಅದನ್ನು ತಳ್ಳಿಹಾಕುವ ಹಾಗಿಲ್ಲ.

ಅವರ ಬದುಕಿನ ಅತಿ ಮುಖ್ಯ ಗಳಿಗೆ ಯಾವುದು ಅಂದರೆ ನಾನು 1969 ಅನ್ನುತ್ತೇನೆ. ಪ್ಯಾಲೆಸ್ಟೀನಿ ಸಶಸ್ತ್ರ ಗುಂಪುಗಳು ದಕ್ಷಿಣ ಲೆಬನಾನ್‌ನಿಂದ ಇಸ್ರೇಲಿನ ಮೇಲೆ ದಾಳಿ ಮಾಡುತ್ತಿದ್ದವು. 1968ರ ಡಿಸೆಂಬರ್ 28ರ ರಾತ್ರಿ ಇಸ್ರೇಲಿ ಕಮಾಂಡೋಗಳು ಬೈರುತ್ ವಿಮಾನ ನಿಲ್ದಾಣಕ್ಕೆ ಇಳಿದು ನಿಂತಿದ್ದ 13 ವಿಮಾನಗಳನ್ನು ಸುಟ್ಟುಹಾಕಿದರು. ಎಡ್ಡೆಯ ಬೇಡಿಕೆ ಸರಳ: ಗಡಿಯಲ್ಲಿ ವಿಶ್ವಸಂಸ್ಥೆಯ ಪಡೆ ತಂದು ನಿಲ್ಲಿಸಿ. ಆಗ ಅವರನ್ನು ಹೇಡಿ ಅಂದರು, ಅರಬ್ ದ್ರೋಹಿ ಅಂದರು. 1969ರ ನವೆಂಬರ್ 3ರಂದು ಲೆಬನಾನ್ ಸೇನಾ ಮುಖ್ಯಸ್ಥ ಎಮಿಲ್ ಬುಸ್ತಾನಿ ಮತ್ತು ಪ್ಯಾಲೆಸ್ಟೀನಿ ನಾಯಕ ಯಾಸರ್ ಅರಾಫತ್ ಕೈರೋದಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಲೆಬನಾನ್ ನೆಲದಿಂದ ಪ್ಯಾಲೆಸ್ಟೀನಿ ಗುಂಪುಗಳು ಹೋರಾಡಬಹುದು, ನಿರಾಶ್ರಿತರ ಶಿಬಿರಗಳ ಆಡಳಿತ ಅವರದೇ. ಒಪ್ಪಂದದ ಪಠ್ಯ ಗುಟ್ಟಾಗಿತ್ತು. ಪಾರ್ಲಿಮೆಂಟಿನ ಮುಂದೆ ವಿಷಯ ಬಂದಾಗ ಎಂಪಿಗಳ ಕೈಯಲ್ಲಿ ಆ ಕಾಗದವೇ ಇರಲಿಲ್ಲ.

ಓದದೇ ಇರೋದಕ್ಕೆ ಓಟು ಹಾಕೋದು ಹೇಗೆ? ಎಡ್ಡೆ ಕೇಳಿದ್ದು ಇಷ್ಟೇ. ಕೂಟದ ಗೆಳೆಯರಾದ ಶಮೂನ್, ಜಮಾಯೆಲ್ ಒಪ್ಪಿಕೊಂಡುಬಿಟ್ಟರು, ಆಗ ಬೇರೆ ದಾರಿ ಇಲ್ಲ ಅಂದರು. ಎಡ್ಡೆ ವಿರೋಧ ಹೇಳಿದರು, ಕೂಟವನ್ನೂ ಬಿಟ್ಟರು. ಇದೇ ಇಬ್ಬರ ಪಕ್ಷಗಳು ಆರು ವರ್ಷದ ಮೇಲೆ ಪ್ಯಾಲೆಸ್ಟೀನಿಯರ ವಿರುದ್ಧ ಬಂದೂಕು ಹಿಡಿದವು. 1978ರ ಮಾರ್ಚಿನಲ್ಲಿ ಇಸ್ರೇಲ್ ದಕ್ಷಿಣಕ್ಕೆ ನುಗ್ಗಿದ ಮೇಲೆ ವಿಶ್ವಸಂಸ್ಥೆಯ ಪಡೆ ಬಂತು, ಎಡ್ಡೆ ಕೇಳಿ ಹತ್ತು ವರ್ಷ ಆಗುತ್ತಾ ಬಂದಿತ್ತು. (ನಮ್ಮ ಭಾರತೀಯ ಸೇನೆಯ ತುಕಡಿ 1998ರಿಂದ ಕೆಲಸ ಮಾಡಿದ್ದು ಇದೇ ಪಡೆಯಲ್ಲಿ.) ಕೈರೋ ಒಪ್ಪಂದವನ್ನು ಲೆಬನಾನ್ ಪಾರ್ಲಿಮೆಂಟೇ 1987ರಲ್ಲಿ ರದ್ದು ಮಾಡಿತು. ಎಡ್ಡೆ ಪ್ಯಾಲೆಸ್ಟೀನಿಯರ ವೈರಿ ಆಗಿರಲಿಲ್ಲ ಅನ್ನೋದನ್ನೂ ಹೇಳಬೇಕು. ದೇಶದೊಳಗೆ ಸರ್ಕಾರದ್ದಲ್ಲದ ಬಂದೂಕು ಇರಬಾರದು, ಅದು ಯಾರದ್ದೇ ಆಗಲಿ, ಅಷ್ಟೇ ಅವರ ಮಾತು.

1975ರ ಏಪ್ರಿಲ್ 13ಕ್ಕೆ ಅಂತರ್ಯುದ್ಧ ಶುರುವಾಯಿತು. ಪ್ರತಿ ದೊಡ್ಡ ನಾಯಕನ ಹಿಂದೆ ಒಂದು ಬಂದೂಕಿನ ಪಡೆ ಹುಟ್ಟಿತು. ಎಡ್ಡೆ ಪಡೆ ಕಟ್ಟಲಿಲ್ಲ. ಕಟ್ಟಲಾರದೇ ಅಲ್ಲ, ಒಪ್ಪದೇ. ಮನೆ ಇದ್ದದ್ದು ಪಶ್ಚಿಮ ಬೈರುತ್‌ನಲ್ಲಿ, ಮುಸ್ಲಿಮರೇ ಜಾಸ್ತಿ ಇರುವ ಭಾಗದಲ್ಲಿ, ಅಲ್ಲೇ ಉಳಿದರು. ಆಗ ರಸ್ತೆಯಲ್ಲಿ ನಾಕಾಬಂದಿ ಹಾಕಿ, ಗುರುತಿನ ಚೀಟಿ ನೋಡಿ, ಧರ್ಮ ತಿಳಿದು ಎತ್ತಿಕೊಂಡು ಹೋಗುತ್ತಿದ್ದರು. ಹೀಗೆ ಕಾಣೆಯಾದವರ ಮನೆಯವರು ಎಡ್ಡೆ ಹತ್ತಿರ ಬರುತ್ತಿದ್ದರು, ಅವರು ಎರಡೂ ಕಡೆಯ ಗುಂಪುಗಳ ಹಿಂದೆ ಬಿದ್ದು ಬಿಡಿಸುವ ಪ್ರಯತ್ನ ಮಾಡುತ್ತಿದ್ದರು. ದೇಶವನ್ನು ಕ್ರೈಸ್ತ ಭಾಗ, ಮುಸ್ಲಿಂ ಭಾಗ ಅಂತ ಸೀಳುವ ಯೋಜನೆಯ ಹಿಂದೆ ಅಮೆರಿಕದ ವಿದೇಶಾಂಗ ಮಂತ್ರಿ ಕಿಸಿಂಜರ್ ಇದ್ದಾರೆ ಅಂತ ಬಹಿರಂಗವಾಗಿ ಆರೋಪ ಮಾಡಿದರು. ಅದು ಅತಿಯಾಯಿತು ಅಂತ ನನ್ನ ಎಣಿಕೆ, ಆದರೆ ವಿಭಜನೆ ಬೇಡ ಅನ್ನುವ ಅವರ ಹಟ ನಿಜವಾದದ್ದು.

1976ರ ಮೇ 8ರಂದು ಮತ್ತೆ ಅಧ್ಯಕ್ಷರ ಆಯ್ಕೆ. ಪಾರ್ಲಿಮೆಂಟ್ ಕಟ್ಟಡದಲ್ಲಿ ಸೇರುವ ಪರಿಸ್ಥಿತಿ ಇರಲಿಲ್ಲ, ಬೈರುತ್‌ನ ಮನ್ಸೂರ್ ವಿಲ್ಲಾದಲ್ಲಿ, ಸುತ್ತ ಶೆಲ್ ಬೀಳುತ್ತಿರುವಾಗ ಸಭೆ ನಡೆಯಿತು. ಸಿರಿಯಾ ಬೆಂಬಲ ಇಲಿಯಾಸ್ ಸರ್ಕೀಸ್‌ಗೆ. ಎಡ್ಡೆಯ ಬೆನ್ನಿಗೆ ಎಡಪಂಥೀಯ ನಾಯಕ ಕಮಾಲ್ ಜುಂಬ್ಲಾತ್ ಇದ್ದರು. ಬ್ಯಾಂಕ್ ಕಾನೂನು ತಂದ ಕ್ರೈಸ್ತ ವಕೀಲನಿಗೆ ದ್ರೂಝ್ ಅನ್ನುವ ಸಣ್ಣ ಧಾರ್ಮಿಕ ಪಂಗಡದ ಸಮಾಜವಾದಿ ನಾಯಕನ ಬೆಂಬಲ, ನೋಡಿ! ಸಿರಿಯಾದ ಒತ್ತಡದಲ್ಲಿ ನಡೆಯುವ ಚುನಾವಣೆ ಇದು ಅಂತ ಎಡ್ಡೆ ಕಡೆಯವರು ಬಹಿಷ್ಕರಿಸಿದರು. ಸರ್ಕೀಸ್ 66 ಓಟು ಪಡೆದು ಗೆದ್ದರು. ನಿಮ್ಮ ‘ಯಾಕೆ ಆಗಲಿಲ್ಲ’ ಅನ್ನುವ ಪ್ರಶ್ನೆಗೆ ಉತ್ತರ ಆ ವಿಲ್ಲಾದಲ್ಲಿ ಇದೆ. ಲೆಬನಾನ್‌ನಲ್ಲಿ ಅಧ್ಯಕ್ಷನಾಗಬೇಕಾದರೆ ಯಾವುದಾದರೂ ಒಂದು ಹೊರಗಿನ ಶಕ್ತಿಗೆ ಮೊದಲೇ ಮಾತು ಕೊಟ್ಟಿರಬೇಕು. ಎಡ್ಡೆ ಸಿರಿಯಾಕ್ಕೂ ಕೊಡಲಿಲ್ಲ, ಇಸ್ರೇಲಿಗೂ ಇಲ್ಲ, ಅಮೆರಿಕಕ್ಕೂ ಇಲ್ಲ.

ಅದೇ ವರ್ಷ ಅವರನ್ನು ಕೊಲ್ಲಲು ಒಂದಕ್ಕಿಂತ ಹೆಚ್ಚು ಸಲ ಪ್ರಯತ್ನ ನಡೆಯಿತು. ಮೇ ತಿಂಗಳಲ್ಲಿ ಜ್ಬೈಲ್ ದಾರಿಯ ನಹ್ರ್ ಇಬ್ರಾಹಿಂ ಹತ್ತಿರ ಕಾರಿನ ಮೇಲೆ ಗುಂಡು ಹಾರಿಸಿದರು, ಕಾಲಿಗೆ ಪೆಟ್ಟಾಯಿತು. ತಮ್ಮದೇ ಕ್ಷೇತ್ರದ ದಾರಿ ಅದು. ಸಿರಿಯಾ ಸೇನೆ ದೇಶದೊಳಗೆ ಬಂದಾಗಿತ್ತು. ಆ ಚಳಿಗಾಲದಲ್ಲೇ ಪ್ಯಾರಿಸ್‌ಗೆ ಹೊರಟರು. ಹೇಡಿತನ ಅಂತ ಕೆಲವರು ಆಡಿಕೊಂಡರು. ಉಳಿದಿದ್ದರೆ ಏನಾಗುತ್ತಿತ್ತು ಅನ್ನೋದಕ್ಕೆ ದೂರ ಹೋಗಬೇಕಿಲ್ಲ: 1977ರ ಮಾರ್ಚ್ 16ರಂದು ಕಮಾಲ್ ಜುಂಬ್ಲಾತ್ ಅವರನ್ನು ರಸ್ತೆಯಲ್ಲೇ ಗುಂಡಿಟ್ಟು ಕೊಂದರು.

ಪ್ಯಾರಿಸ್‌ನಲ್ಲಿ ಹೋಟೆಲ್ ವಾಸ. ಪತ್ರಕರ್ತರು ಬರುತ್ತಿದ್ದರು, ಲೆಬನಾನಿನ ರಾಜಕಾರಣಿಗಳು ಬರುತ್ತಿದ್ದರು, ಇವರು ಹೇಳಿಕೆ ಕೊಡುತ್ತಿದ್ದರು. ಸಿರಿಯಾ ಸೇನೆ, ಇಸ್ರೇಲ್ ಸೇನೆ, ಎರಡೂ ಹೊರಟುಹೋಗುವ ತನಕ ಕಾಲಿಡುವುದಿಲ್ಲ ಅಂದರು. ಇದರಲ್ಲಿ ಒಂದು ವಿಚಿತ್ರ ಇದೆ. ಈ ಎಲ್ಲ ವರ್ಷ ಅವರು ಜ್ಬೈಲ್‌ನ ಎಂಪಿಯೇ! 1972ರಲ್ಲಿ ಆಯ್ಕೆಯಾದ ಪಾರ್ಲಿಮೆಂಟ್, ಯುದ್ಧ ಇದೆ ಚುನಾವಣೆ ಮಾಡಲಾಗದು ಅಂತ ತನ್ನ ಅವಧಿಯನ್ನು ತಾನೇ ಮುಂದೂಡುತ್ತಾ 1992ರ ತನಕ ಎಳೆಯಿತು. ನಾಲ್ಕು ವರ್ಷಕ್ಕೆ ಆರಿಸಿದವರು ಇಪ್ಪತ್ತು ವರ್ಷ ಕೂತರು. 1989ರ ಅಕ್ಟೋಬರಿನಲ್ಲಿ ಯುದ್ಧ ಮುಗಿಸುವ ಒಪ್ಪಂದಕ್ಕೆ ಸೌದಿ ಅರೇಬಿಯಾದ ತಾಯಿಫ್ ಊರಿಗೆ ಹೋದವರು ಆ ಹಳೆಯ ಸಭೆಯಲ್ಲಿ ಉಳಿದಿದ್ದವರಲ್ಲೇ 62 ಮಂದಿ. ಎಡ್ಡೆ ಹೋಗಲಿಲ್ಲ, ಒಪ್ಪಲೂ ಇಲ್ಲ. ಸಿರಿಯಾ ಯಾವಾಗ ಹೊರಡಬೇಕು ಅಂತ ದಿನಾಂಕವೇ ಇಲ್ಲದ ಕಾಗದ ಅದು ಅಂದರು. ಅವರ ಮಾತು ಸರಿಯಾಗಿತ್ತು, ಸಿರಿಯಾ ಸೇನೆ ಹೊರಟದ್ದು 2005ರ ಏಪ್ರಿಲ್‌ಗೆ. ಅಷ್ಟರಲ್ಲಿ ಎಡ್ಡೆ ಇರಲಿಲ್ಲ. 2000ದ ಮೇ 10ರಂದು ಪ್ಯಾರಿಸ್‌ನಲ್ಲೇ ತೀರಿಕೊಂಡರು. ದೇಹವನ್ನು ಬೈರುತ್‌ಗೆ ತಂದರು, ಎಲ್ಲ ಪಂಗಡದವರೂ ಸೇರಿದ್ದರು. ಇಸ್ರೇಲ್ ಸೇನೆ ದಕ್ಷಿಣ ಬಿಟ್ಟುಹೋಗಿದ್ದು ಅದಾಗಿ ಎರಡು ವಾರಕ್ಕೆ.

ಇಷ್ಟೆಲ್ಲ ಹೊಗಳಿದ ಮೇಲೆ ನನಗಿರುವ ದೊಡ್ಡ ತಕರಾರನ್ನೂ ಹೇಳಲೇಬೇಕು. ಅದು ಬ್ಯಾಂಕ್ ಕಾನೂನಿನದಲ್ಲ, ಬಹಿಷ್ಕಾರದ್ದು. 1992ರಲ್ಲಿ ಇಪ್ಪತ್ತು ವರ್ಷದ ಮೇಲೆ ಮೊದಲ ಚುನಾವಣೆ ನಡೆದಾಗ, ಸಿರಿಯಾ ಸೇನೆಯ ನೆರಳಲ್ಲಿ ಚುನಾವಣೆ ಬೇಡ ಅಂತ ಕ್ರೈಸ್ತ ಪಕ್ಷಗಳಲ್ಲಿ ಹೆಚ್ಚಿನವು ದೂರ ನಿಂತವು, ನ್ಯಾಷನಲ್ ಬ್ಲಾಕ್ ಕೂಡ. ತತ್ವದ ಪ್ರಕಾರ ಸರಿ. ಫಲ ಏನಾಯಿತು? ಇದೇ ಜ್ಬೈಲ್‌ನಲ್ಲಿ, ಎಡ್ಡೆಯ ಸ್ವಂತ ಕ್ಷೇತ್ರದಲ್ಲಿ, ಮಹಾ ಖೂರಿ ಅಸದ್ ಅನ್ನುವ ಅಭ್ಯರ್ಥಿ ಮ್ಯಾರೊನೈಟ್ ಸೀಟು ಗೆದ್ದರು. ಬಿದ್ದ ಓಟು 41. ನಾಲ್ಕು ಸಾವಿರವೋ ನಾನೂರೋ ಅಲ್ಲ, ನಲವತ್ತೊಂದು. ಯುದ್ಧದ ನಂತರದ ಲೆಬನಾನ್ ಹೇಗಿರಬೇಕು, ಸಾಲ ಎಷ್ಟು ಮಾಡಬೇಕು, ಪೌಂಡಿನ ಬೆಲೆ ಎಲ್ಲಿ ಕಟ್ಟಬೇಕು ಅಂತ ತೀರ್ಮಾನಿಸಿದ ವರ್ಷಗಳು ಅವೇ. ಸಂಖ್ಯೆಗಳನ್ನು ಹಿಡಿದು ಪ್ರಶ್ನೆ ಕೇಳಬಲ್ಲ, ಓದದೇ ಓಟು ಹಾಕುವುದಿಲ್ಲ ಅನ್ನಬಲ್ಲ ಒಂದು ಪಕ್ಷ ಆಗ ಸಭೆಯೊಳಗೆ ಇರಲಿಲ್ಲ, ಮತ್ತು ಅದು ಅವರೇ ಆರಿಸಿಕೊಂಡದ್ದು.